ಬಾಯಿಗೆ ಹುಯ್ಯುವ ಸಂಬಳ

ಆ ಊರಿನ ವಿದ್ಯಾಪೀಠದಲ್ಲಿ ಸಂಬಳವನ್ನು ಕೈಗೆ ಕೊಡುತ್ತಿರಲಿಲ್ಲ. ಬಾಯಿಗೆ ಹುಯ್ಯುತ್ತಿದ್ದರು.

ದಿನವೂ ಸಂಜೆ ಗಂಟೆ ಹೊಡೆದ ಮೇಲೆ ಎಲ್ಲರೂ ನಡುವಂಗಳದಲ್ಲಿ ಸಾಲು ನಿಲ್ಲಬೇಕು. ಮೊದಲು ದೊಡ್ಡ ಪಂಡಿತರು, ಅವರ ಹಿಂದೆ ಸಣ್ಣ ಪಂಡಿತರು, ಅವರ ಹಿಂದೆ ಮೇಷ್ಟ್ರುಗಳು, ಗುಮಾಸ್ತರು, ಕೊನೆಗೆ ಗುಡಿಸುವವರು, ಒರೆಸುವವರು, ತೊಳೆಯುವವರು. ಮೇಲೆ ಕಲ್ಲಿನ ಉಪ್ಪರಿಗೆ. ಅದರ ಅಂಚಿನಲ್ಲಿ ಕೊಪ್ಪರಿಗೆ ಇಟ್ಟುಕೊಂಡು ಸೌಟಿನವನು ಕೂತಿರುತ್ತಿದ್ದ. ಅವನ ಸೌಟಿನ ಹಿಡಿ ಎರಡಾಳುದ್ದ. ಒಬ್ಬೊಬ್ಬರಾಗಿ ಅದರ ಕೆಳಗೆ ಬಂದು, ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಬಾಯಿ ತೆರೆಯಬೇಕು. ಸೌಟು ಇಳಿದು ತುಟಿಗೆ ತಾಗುತ್ತಿತ್ತು. ಗಂಜಿ ಬೀಳುತ್ತಿತ್ತು. ಸೌಟನ್ನು ನಡುವೆ ತೊಳೆಯುತ್ತಿರಲಿಲ್ಲ. ಮೊದಲ ಪಂಡಿತರ ಎಲೆಯಡಿಕೆಯ ಕೆಂಪು ಸಾಲಿನ ಕೊನೆಯವಳ ತುಟಿಯವರೆಗೂ ಬರುತ್ತಿತ್ತು.

ಮನೆಯಲ್ಲಿ ಕಾಯುವವರಿದ್ದರೆ ಅರ್ಧ ನುಂಗಿ ಅರ್ಧವನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಸಂಜೆಯ ಹೊತ್ತು ಆ ಊರಿನ ಬೀದಿಗಳಲ್ಲಿ ಮಾತಿರಲಿಲ್ಲ. ಕೆನ್ನೆ ಉಬ್ಬಿದ ಜನ ತಲೆ ತಗ್ಗಿಸಿ ನಡೆಯುತ್ತಿದ್ದರು. ಎದುರು ಸಿಕ್ಕಿದವರಿಗೆ ಹುಬ್ಬು ಎತ್ತಿ ನಮಸ್ಕಾರ ಮಾಡುತ್ತಿದ್ದರು.

ಪುಸ್ತಕ ಭಂಡಾರದಲ್ಲಿ ಧೂಳು ಒರೆಸುವವಳೊಬ್ಬಳು ಇದ್ದಳು. ಹತ್ತೊಂಬತ್ತು ವರ್ಷದಿಂದ ಒರೆಸುತ್ತಿದ್ದಳು. ಅವಳ ಗಂಡ ಅದೇ ವಿದ್ಯಾಪೀಠದ ಗೋಪುರಕ್ಕೆ ಗಾರೆ ಹಾಕುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದ. ಮಲಗಿದವರಿಗೆ ಸೌಟು ಇಲ್ಲ ಎಂದು ಹೇಳಿ ಅವನನ್ನು ಸಾಲಿನಿಂದ ತೆಗೆದಿದ್ದರು. ಅವಳು ಮನೆಗೆ ಬಂದು ಅವನ ಬಟ್ಟಲಿನ ಮೇಲೆ ಬಾಗಿ ಕೆನ್ನೆಯಲ್ಲಿದ್ದುದನ್ನು ಬಿಡುತ್ತಿದ್ದಳು. ಅವನು ಮೂಸಿ ನೋಡುತ್ತಿದ್ದ.

“ಇವತ್ತು ಏಲಕ್ಕಿ ವಾಸನೆ. ವ್ಯಾಕರಣದ ಪಂಡಿತರು ನಿನ್ನ ಮುಂದೆ ಇದ್ರಾ?”

“ಸುಮ್ನೆ ಉಣ್ಣಿ,” ಅನ್ನುತ್ತಿದ್ದಳು.

ಹೀಗೇ ನಡೆದಿತ್ತು. ಒಂದು ಸಂಜೆ ಸೌಟು ಬೇರೆಯಾಗಿತ್ತು. ತುಟಿಗೆ ತಾಗಿದೊಡನೆ ಎಲ್ಲರಿಗೂ ಗೊತ್ತಾಯಿತು. ಹಳೆಯ ಸೌಟು ಕೆಳದುಟಿಯ ಉದ್ದಕ್ಕೂ ಕೂರುತ್ತಿತ್ತು, ಇದು ಹಲ್ಲಿನ ನಡುವೆ ಹೋಗಿ ಬರುತ್ತಿತ್ತು. ಮಾರನೆಯ ದಿನ ಮೇಷ್ಟ್ರುಗಳು ಉಪ್ಪರಿಗೆಯ ಕೆಳಗೆ ನಿಂತು ಕೂಗಿ ಕೇಳಿದರು. ಕುಲಪತಿಗಳು ಹೊರಗೆ ಬಂದು ಕಟಾಂಜನಕ್ಕೆ ಒರಗಿದರು. ಅವರ ಗಲ್ಲದ ಮೇಲೆ ತುಪ್ಪ ಹೊಳೆಯುತ್ತಿತ್ತು.

“ಸೌಟು ಅದೇ,” ಎಂದರು. “ನಿಮ್ಮ ಬಾಯಿ ದೊಡ್ಡದಾಗಿದೆ.”

ಆ ರಾತ್ರಿಯೇ ಸಂಘ ಸೇರಿತು. ವಿದ್ಯಾಪೀಠದ ಹಿಂದಿನ ಓಣಿಯಲ್ಲಿ ಸಂಘಕ್ಕೆ ಒಂದು ಹೆಂಚಿನ ಮನೆಯಿತ್ತು, ಆ ಮನೆಯ ಮೂಲೆಯಲ್ಲಿ ಎದೆಮಟ್ಟದ ಒಂದು ಮಣ್ಣಿನ ಗುಡಾಣ ಇತ್ತು. ಹನ್ನೆರಡು ವರ್ಷದಿಂದ ಸಂಘದ ಪ್ರತಿಯೊಬ್ಬರೂ ತಿಂಗಳಿಗೊಂದು ದಿನ ತಮ್ಮ ಪಾಲಿನ ಗಂಜಿಯನ್ನು ನುಂಗದೆ ಮನೆಗೆ ತಂದು, ಎಂಜಲ ನೀರು ಬಸಿದು, ಚಾಪೆಯ ಮೇಲೆ ಸಂಡಿಗೆ ಇಟ್ಟು, ಒಣಗಿಸಿ ಅದರೊಳಗೆ ಹಾಕಿದ್ದರು. ಬಾಯಿ ಮುಚ್ಚುವ ದಿನ ಬಂದರೆ ಇರಲಿ ಎಂದು. ಗುಡಾಣವನ್ನು ಕಾಯುತ್ತಿದ್ದವರು ಗಣಿತದ ಮೇಷ್ಟ್ರು. ಬಿದ್ದ ಪ್ರತಿಯೊಂದು ಸಂಡಿಗೆಗೂ ಅವರು ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು ಎಳೆದಿದ್ದರು. ನಾಲ್ಕು ಗೋಡೆಯೂ ಕಪ್ಪಾಗಿ, ಅವರು ಈಗ ಸೂರಿನ ತೊಲೆಗಳ ಮೇಲೆ ಎಳೆಯುತ್ತಿದ್ದರು.

“ನಾಳೆಯಿಂದ ಬಾಯಿ ಮುಚ್ಚೋಣ,” ಎಂದರು ಮೇಷ್ಟ್ರು. “ಹಳೇ ಸೌಟು ಬರೋವರೆಗೂ ಯಾರೂ ತೆಗೀಬಾರದು. ಹಸಿವಿಗೆ ಗುಡಾಣ ಇದೆ.”

ಎಲ್ಲರೂ ಎದೆ ಮುಟ್ಟಿಕೊಂಡು ಆಣೆ ಮಾಡಿದರು. ಧೂಳು ಒರೆಸುವವಳೂ ಮಾಡಿದಳು. ಅವಳ ಪಕ್ಕದಲ್ಲಿ ನಿಂತಿದ್ದ ಗಾಜು ತೊಳೆಯುವವಳು ಎಲ್ಲರಿಗಿಂತ ಮೊದಲು ಮಾಡಿದಳು. ಅವಳು ರಸಾಯನದ ಶಾಲೆಯಲ್ಲಿ ಶೀಸೆಗಳನ್ನು ತೊಳೆಯುವ ಚಿಕ್ಕ ಪ್ರಾಯದ ಹೆಂಗಸು. ಕೆಲಸಕ್ಕೆ ಸೇರಿ ಎಂಟೇ ತಿಂಗಳಾಗಿತ್ತು. ಸೊಂಟದಲ್ಲಿ ಎದೆಹಾಲಿನ ಕೂಸು ಇತ್ತು.

ಮಾರನೆಯ ದಿನ ಕೆಲಸ ನಿಂತಿತು. ಆದರೆ ಸಂಜೆ ಎಲ್ಲರೂ ಎಂದಿನಂತೆ ಸಾಲು ನಿಂತರು. ಬಾಯಿ ಮುಚ್ಚಿದ್ದೇವೆ ಎಂದು ಉಪ್ಪರಿಗೆಗೆ ತೋರಿಸಬೇಕಲ್ಲ. ಒಬ್ಬೊಬ್ಬರಾಗಿ ಸೌಟಿನ ಕೆಳಗೆ ಬಂದು, ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ತುಟಿ ಬಿಗಿದು ನಿಂತರು. ಸೌಟಿನವನು ಒಂದು ಗಳಿಗೆ ತಡೆದ. ಮೇಲಿನಿಂದ ಕುಲಪತಿಗಳು, “ಹುಯ್ಯಿ,” ಎಂದರು. ಅವನು ಹುಯ್ದ.

ಅಂದಿನ ಗಂಜಿ ಯಾವತ್ತಿನದಲ್ಲ. ಗಟ್ಟಿಯಾಗಿತ್ತು, ಬೆಲ್ಲ ಬಿದ್ದಿತ್ತು, ಹಸುವಿನ ತುಪ್ಪದ ಘಮ ಇತ್ತು. ಮುಚ್ಚಿದ ತುಟಿಗಳ ಮೇಲೆ ಬಿದ್ದು, ಗಲ್ಲದಿಂದ ಕತ್ತಿಗೆ, ಕತ್ತಿನಿಂದ ಎದೆಗೆ, ಎದೆಯಿಂದ ಕಲ್ಲುಹಾಸಿಗೆ ಇಳಿಯಿತು. ಯಾರೂ ನಾಲಗೆ ಹೊರಗೆ ಹಾಕಲಿಲ್ಲ. ಅಂಗಳದಿಂದ ಹೊರಗೆ ಬಂದು ಅವರು ಒಬ್ಬರ ಮುಖವನ್ನೊಬ್ಬರು ಒರೆಸಿದರು. ಧೂಳು ಒರೆಸುವವಳು ಮನೆಗೆ ಬಂದಾಗ ಗಂಡ ಅವಳ ಸೀರೆಯನ್ನು ಮೂಸಿ, “ಅಬ್ಬಾ, ಇಂಥದ್ದು ಅವರ ಹತ್ರ ಇತ್ತು ಅಂತಾಯ್ತು,” ಎಂದ.

ಏಳು ದಿನ ಹೀಗೆ ನಡೆಯಿತು. ಏಳು ದಿನವೂ ಗುಡಾಣದಿಂದ ಒಬ್ಬೊಬ್ಬರಿಗೆ ಮೂರು ಸಂಡಿಗೆ ಸಿಕ್ಕವು. ನೀರಲ್ಲಿ ನೆನೆಸಿ ತಿಂದರು. ಚೆಲ್ಲಿದ ಗಂಜಿಯನ್ನು ಗುಡಿಸುವವರು ಯಾರೂ ಇಲ್ಲದೆ ಅಂಗಳ ಹುಳಿಯತೊಡಗಿತು. ಮೊದಲು ನಾಯಿಗಳು ಬಂದು ನೆಕ್ಕಿದವು. ಆಮೇಲೆ ನಾಯಿಗಳೂ ಮೂಸಿ ಹಿಂದೆ ಸರಿದವು. ನೊಣ ಉಳಿದವು.

ಎಂಟನೆಯ ದಿನ ಸಂಘದ ಮನೆಯ ಬಾಗಿಲಲ್ಲಿ ಗಣಿತದ ಮೇಷ್ಟ್ರು ಮಣೆ ಹಾಕಿಕೊಂಡು ಕೂತಿದ್ದರು.

“ಬಾಯಿ ತೆಗೀಮ್ಮ,” ಎಂದರು ಧೂಳು ಒರೆಸುವವಳಿಗೆ.

“ಯಾಕೆ ಮೇಷ್ಟ್ರೇ?”

“ಕೆಲವರು ಅಲ್ಲಿ ಕದ್ದು ನುಂಗಿ ಇಲ್ಲಿ ಬಂದು ಸಂಡಿಗೆ ತಗೋತಾರೆ ಅಂತ ಸುದ್ದಿ. ನೋಡಿ ಕೊಡ್ಬೇಕು ಅಂತ ಸಂಘದ ಸಮಿತಿ ತೀರ್ಮಾನ.”

ಅವಳು ಕತ್ತು ಹಿಂದಕ್ಕೆ ಚೆಲ್ಲಿ ಬಾಯಿ ತೆರೆದಳು. ಹತ್ತೊಂಬತ್ತು ವರ್ಷದ ಅಭ್ಯಾಸಕ್ಕೆ ಕಣ್ಣೂ ಮುಚ್ಚಿತು. ಮೇಷ್ಟ್ರು ಹೆಬ್ಬೆರಳಿನಿಂದ ಅವಳ ನಾಲಗೆಯನ್ನು ಒತ್ತಿ, ಮೂಗು ಹತ್ತಿರ ತಂದು ಮೂಸಿದರು. ಬೆರಳನ್ನು ಪಂಚೆಗೆ ಒರೆಸಿಕೊಂಡು ಒಂದೂವರೆ ಸಂಡಿಗೆ ಕೊಟ್ಟರು.

“ಎಲ್ಲರಿಗೂ ಮೂರಲ್ವಾ?”

“ನಿನ್ನ ಗಂಡ ಬಿದ್ದ ವರ್ಷ ನೀನು ಐದು ತಿಂಗಳು ಹಾಕಿಲ್ಲ. ಗೋಡೆ ಮೇಲಿದೆ.”

ಅವಳ ಹಿಂದೆ ಗಾಜು ತೊಳೆಯುವವಳು ಬಂದು ತಾನಾಗಿಯೇ ಬಾಯಿ ತೆರೆದಳು. ಮೇಷ್ಟ್ರು ನೋಡಲೂ ಇಲ್ಲ. “ವರ್ಷ ತುಂಬದವರಿಗೆ ಇನ್ನು ಮೇಲೆ ಇಲ್ಲ,” ಎಂದರು. ಅವಳು ಬಾಯಿ ತೆರೆದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದಳು.

ಧೂಳು ಒರೆಸುವವಳು ದಾರಿಯಲ್ಲಿ ಅವಳಿಗೆ ಅರ್ಧ ಸಂಡಿಗೆ ಮುರಿದುಕೊಟ್ಟಳು. ಮನೆಗೆ ಬಂದು ನೀರು ತುಂಬಿಕೊಂಡು ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು. ಗಂಡ ನೋಡುತ್ತಿದ್ದ.

“ಇಷ್ಟು ವರ್ಷ ಸೌಟಿಗೆ ಮುಕ್ಕಳಿಸದವಳು ಇವತ್ತೇನು?”

“ಅವರು ಅವರೇ. ಇವರು ನಮ್ಮವರು,” ಎಂದಳು.

ದಿನಗಳು ಹೋದವು. ಸಾಲಿನ ಮುಂದುಗಡೆ ಜಾಗಗಳು ತೆರವಾದವು. ದೊಡ್ಡ ಪಂಡಿತರು ಹಿಂಬಾಗಿಲಿನಿಂದ ಉಪ್ಪರಿಗೆಗೇ ಹತ್ತಿ ಹೋಗಿ ಕೊಪ್ಪರಿಗೆಯ ಪಕ್ಕ ಕೂತು ನುಂಗಿ ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅವರ ಬಾಯನ್ನು ಮೇಷ್ಟ್ರು ಮೂಸಲಿಲ್ಲ. ಅವರು ಸಂಡಿಗೆ ಕೇಳಲೂ ಬಂದಿರಲಿಲ್ಲವಲ್ಲ.

ಹದಿನೆಂಟನೆಯ ಸಂಜೆ ಗಾಜು ತೊಳೆಯುವವಳು ಸೌಟಿನ ಕೆಳಗೆ ನಿಂತಳು. ಮೂರು ದಿನದಿಂದ ಅವಳ ಎದೆಯಲ್ಲಿ ಹಾಲಿರಲಿಲ್ಲ. ಕೂಸು ಅಳುವುದನ್ನೂ ಬಿಟ್ಟಿತ್ತು. ಸೌಟು ಇಳಿಯಿತು. ಅವಳ ತುಟಿ ತೆರೆಯಿತು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಆ ಸದ್ದು ಇಡೀ ಅಂಗಳಕ್ಕೆ ಕೇಳಿಸಿತು. ಮೇಲೆ ಕುಲಪತಿಗಳು ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಅಂಗಳದ ಹೊರಗೆ ಅವಳನ್ನು ನಡುವೆ ನಿಲ್ಲಿಸಿದರು. ಬಾಯಿ ತೆರೆದವರ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಉಗುಳಬೇಕು ಎಂದು ಸಮಿತಿಯವರು ಹೇಳಿದರು. ಗುಮಾಸ್ತರು ಉಗುಳಿದರು. ಮೇಷ್ಟ್ರುಗಳು ಉಗುಳಿದರು. ಹಸಿದ ಬಾಯಿಗಳಿಂದ ಬಂದದ್ದು ಬಿಳಿ ನೂಲಿನಂಥ ಎಂಜಲು. ಅದು ಅವಳ ಕೂದಲಿನ ಮೇಲೆ, ಕೂಸಿನ ಟೋಪಿಯ ಮೇಲೆ ಜೋತಾಡಿತು. ಅವಳು ಕೂಸಿನ ಮುಖಕ್ಕೆ ಸೆರಗು ಮುಚ್ಚಿ ನಿಂತಿದ್ದಳು. ಧೂಳು ಒರೆಸುವವಳ ಸರದಿ ಬಂತು. ಅವಳು ಸೊಂಟದಿಂದ ಒರೆಸುವ ಬಟ್ಟೆ ತೆಗೆದು ಅವಳ ಕೂದಲು ಒರೆಸಿದಳು, ಟೋಪಿ ಒರೆಸಿದಳು.

“ಉಗುಳಮ್ಮ,” ಎಂದರು ಗಣಿತದ ಮೇಷ್ಟ್ರು.

“ನಂಗೆ ಉಗುಳ್ಬೇಕು ಅನ್ಸ್ತಿರೋದು ಇವಳ ಮೇಲಲ್ಲ ಮೇಷ್ಟ್ರೇ. ಬನ್ನಿ, ಗುಡಾಣದ ಹತ್ರ ಹೋಗೋಣ. ಇವಳಿಗೆ ಮೂರು ಸಂಡಿಗೆ ಕೊಡಿ.”

“ವರ್ಷ ತುಂಬಿಲ್ಲ.”

“ಕೂಸಿಗೂ ವರ್ಷ ತುಂಬಿಲ್ಲ.”

ಅವಳು ಗಾಜು ತೊಳೆಯುವವಳ ಕೈ ಹಿಡಿದು ಓಣಿಗೆ ನಡೆದಳು. ಜನವೆಲ್ಲ ಹಿಂದೆ ಬಂದರು. ಮೇಷ್ಟ್ರು ಓಡಿ ಬಂದು ಗುಡಾಣಕ್ಕೆ ಬೆನ್ನು ಕೊಟ್ಟು ನಿಂತರು. ಅವರ ಪಕ್ಕೆಲುಬುಗಳು ಅಂಗಿಯೊಳಗಿಂದ ಕಾಣುತ್ತಿದ್ದವು. ಅವರೂ ಹದಿನೆಂಟು ದಿನದಿಂದ ದಿನಕ್ಕೆ ಎರಡೇ ಸಂಡಿಗೆಯಲ್ಲಿ ಇದ್ದರು. ಅದನ್ನು ಯಾರೂ ಇಲ್ಲ ಅನ್ನುವಂತಿರಲಿಲ್ಲ.

“ಇದು ಖಾಲಿ ಆದರೆ ಸಂಘ ಇಲ್ಲ,” ಎಂದರು ಏದುಸಿರಿನಲ್ಲಿ. “ತುಂಬಿರೋದನ್ನ ಕಂಡೇ ಅವರು ಹೆದರೋದು. ನೋಡಿ, ಎಷ್ಟಿದೆ ನೋಡಿ ಬೇಕಾದರೆ!” ಅವರು ಮುಚ್ಚಳ ತೆಗೆದರು. ಮೇಲೆ ಬೆಳ್ಳಗೆ, ಗರಿಗರಿಯಾಗಿ, ಹೂ ಹರಡಿದಂತೆ ಸಂಡಿಗೆಗಳಿದ್ದವು. ನಿಂತವರ ಹೊಟ್ಟೆಗಳು ಒಟ್ಟಿಗೆ ಗುರುಗುಟ್ಟಿದವು.

ಧೂಳು ಒರೆಸುವವಳು ಒಂದು ಹಿಡಿ ತೆಗೆದು ಗಾಜು ತೊಳೆಯುವವಳ ಮಡಿಲಿಗೆ ಹಾಕಿದಳು. ಇನ್ನೊಂದು ಹಿಡಿಗೆ ಕೈ ಹಾಕಿದಳು. ಕೈ ಯಾಕೋ ಬೆಚ್ಚಗಾಯಿತು. ಇನ್ನಷ್ಟು ಕೆಳಗೆ ಹಾಕಿದಳು, ಮೊಣಕೈ ಮುಳುಗಿತು, ತೋಳು ಮುಳುಗಿತು. ಅವಳ ಮುಖ ಕಿವುಚಿತು. ಕೈ ಹೊರಗೆಳೆದಾಗ ತೋಳಿನವರೆಗೆ ಕಪ್ಪು ಅಂಟು ಮೆತ್ತಿತ್ತು. ಅಂಟಿನಲ್ಲಿ ಬಿಳಿ ಹುಳುಗಳು ಹೊರಳಾಡುತ್ತಿದ್ದವು. ಒಂದು ಅವಳ ಮಣಿಕಟ್ಟಿನಿಂದ ಕಳಚಿ ಮೇಷ್ಟ್ರ ಪಾದದ ಮೇಲೆ ಬಿತ್ತು.

ನಾತ ಹೊರಟಿತು. ಮುಂದೆ ನಿಂತವರು ಹಿಂದಿನವರ ಮೇಲೆ ಬಿದ್ದರು. ಕೆಲವರು ಗೋಡೆ ಹಿಡಿದು ವಾಂತಿ ಮಾಡಲು ಬಾಗಿದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಒಣ ಓಕರಿಕೆಯ ಸದ್ದು ಮಾತ್ರ ಬಂತು. ಮೇಲಿನ ಎರಡು ಗೇಣು ಬಿಟ್ಟರೆ ಕೆಳಗಿದ್ದುದೆಲ್ಲ ಯಾವತ್ತೋ ಕೊಳೆತು ಹೋಗಿತ್ತು.

“ಲೆಕ್ಕ ಸರಿಯಾಗಿದೆ,” ಎಂದರು ಗಣಿತದ ಮೇಷ್ಟ್ರು. ಗೋಡೆಯ ಕಡೆ ಕೈ ತೋರಿಸಿದರು. “ನೋಡಿ, ಒಂದೂ ತಪ್ಪಿಲ್ಲ. ಲೆಕ್ಕ ಸರಿಯಾಗಿದೆ.” ಹಾಗೆ ಹೇಳುತ್ತ ಹೇಳುತ್ತ ಕೂತುಬಿಟ್ಟರು.

ಸಮಿತಿಯವರು ಆ ಸಂಜೆಯೇ ಉಪ್ಪರಿಗೆಗೆ ಹೋಗಿ ಬಂದರು. ಸೌಟಿನ ಅಂಚನ್ನು ಒಂದು ಕಾಳಿನಷ್ಟು ಅಗಲ ಮಾಡಲು ಕುಲಪತಿಗಳು ಒಪ್ಪಿದ್ದಾರೆ, ಗೆದ್ದೆವು, ಎಂದು ಸಾರಿದರು. ದೊಡ್ಡ ಪಂಡಿತರು ಎಲ್ಲಿಂದಲೋ ಬಂದು ಸಾಲಿನ ಮುಂದೆ ನಿಂತರು. ಸಮಿತಿಯವರ ಕೊರಳಿಗೆ ಹಾರ ಬಿತ್ತು. ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ ಬಾಯಿ ತೆರೆದರು. ಹಾಗೇ ಕೆನ್ನೆ ಉಬ್ಬಿಸಿಕೊಂಡು ಮೆರವಣಿಗೆ ಹೊರಟರು. ಜಯಕಾರ ಕೂಗಲು ಯಾರ ಬಾಯಿಯೂ ಖಾಲಿ ಇರಲಿಲ್ಲ. ಮುಷ್ಟಿ ಎತ್ತಿ ಎತ್ತಿ ಇಳಿಸಿದರು.

ಸಾಲಿನ ಬಾಲ ಮಾತ್ರ ಕದಲಲಿಲ್ಲ. ಗುಡಿಸುವವರು, ಒರೆಸುವವರು, ತೊಳೆಯುವವರು, ಮೂವತ್ತು ಜನ. ಗುಡಾಣದ ಮೇಲಿನ ಒಳ್ಳೆಯ ಸಂಡಿಗೆಗಳನ್ನು ಧೂಳು ಒರೆಸುವವಳು ತನ್ನ ಹಳೆಯ ಸೀರೆಯ ಮೇಲೆ ಹರವಿ, ಹುಳ ಮುಟ್ಟದ್ದನ್ನು ಆರಿಸಿದ್ದಳು. ಸೀರೆಯ ನಾಲ್ಕು ಮೂಲೆ ಹಿಡಿದು ನಾಲ್ವರು ತಮ್ಮ ಕೇರಿಗೆ ಹೊತ್ತು ತಂದರು. ಅವಳ ಮನೆಯಂಗಳದಲ್ಲಿ ಒಲೆ ಹೂಡಿ ಒಂದೇ ಮಡಕೆಯಲ್ಲಿ ಬೇಯಿಸಿದರು. ಯಾರ ಬಾಯನ್ನೂ ಯಾರೂ ಮೂಸಲಿಲ್ಲ. ಗಾಜು ತೊಳೆಯುವವಳಿಗೆ ಮೊದಲು ಬಡಿಸಿದರು. ಗಂಡ ಬಾಗಿಲಲ್ಲಿ ಮಲಗಿಕೊಂಡೇ ಬೆಂಕಿ ನೋಡಿಕೊಂಡ.

ಮೂರನೆಯ ದಿನ ಗಣಿತದ ಮೇಷ್ಟ್ರು ಬಂದು ಬೇಲಿಯ ಹತ್ತಿರ ನಿಂತರು. ಅವರು ಸಾಲಿಗೂ ಹೋಗಿರಲಿಲ್ಲ, ಪಾಠಕ್ಕೂ ಹೋಗಿರಲಿಲ್ಲ. ಧೂಳು ಒರೆಸುವವಳು ಸೌದೆ ಕೆಳಗಿಟ್ಟು ಎದ್ದಳು. ಮೇಷ್ಟ್ರು ಒಳಗೆ ಬಂದು ಅವಳ ಮುಂದೆ ಮಂಡಿಯೂರಿ ಕತ್ತು ಹಿಂದಕ್ಕೆ ಚೆಲ್ಲಿದರು.

“ಬಾಯಿ ತೆಗೀಲಾ?” ಎಂದು ಕೇಳಿದರು.

“ಬೇಡ. ಎದ್ದೇಳಿ ಮೇಷ್ಟ್ರೇ,” ಎಂದಳು ಅವಳು. “ಕೈ ಒಡ್ಡಿ.”

ಅವರಿಗೆ ಅರ್ಥವಾಗಲಿಲ್ಲ. ಅವಳು ಅವರ ಎರಡೂ ಕೈಗಳನ್ನು ಹಿಡಿದು ಜೋಡಿಸಿ, ಬೊಗಸೆ ಮಾಡಿ, ಅದರೊಳಗೆ ಬಿಸಿ ಮುದ್ದೆಯನ್ನು ಇಟ್ಟಳು. ಅವರು ಅದನ್ನು ನೋಡಿದರು. ಆಮೇಲೆ ಅಳುತ್ತ ತಿಂದರು.

ಅತ್ತ ವಿದ್ಯಾಪೀಠದಲ್ಲಿ ಪಾಠ ಶುರುವಾಗಿತ್ತು, ಆದರೆ ಪೊರಕೆ ಶುರುವಾಗಿರಲಿಲ್ಲ. ಹದಿನೆಂಟು ದಿನದ ಬೆಲ್ಲದ ಗಂಜಿ ಅಂಗಳದಲ್ಲಿ ಬಿಸಿಲಿಗೆ ಬುರುಗುಡುತ್ತಿತ್ತು. ಅದರ ಮೇಲೆ ಹಸಿರು ಬೂಷ್ಟು ಬೆಳೆದು, ಬೂಷ್ಟಿನ ಕೆಳಗೆ ಹುಳು ಹುಟ್ಟಿ, ಹುಳುಗಳು ಮೆಟ್ಟಿಲು ಹತ್ತತೊಡಗಿದವು. ಪಾಯಿಖಾನೆಗಳು ತುಂಬಿ ಹೊರಗೆ ಹರಿದವು. ಭಂಡಾರದ ಪುಸ್ತಕಗಳ ಮೇಲೆ ಬಾವಲಿ ಹಿಕ್ಕೆ ಬಿತ್ತು. ಪಂಡಿತರು ಮೂಗಿಗೆ ಶಲ್ಯ ಒತ್ತಿಕೊಂಡು ಪಾಠ ಹೇಳಿದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಎಂಟನೆಯ ದಿನ ಹುಳುಗಳು ಉಪ್ಪರಿಗೆ ಮುಟ್ಟಿದವು. ಒಂಬತ್ತನೆಯ ದಿನ ಬೆಳಿಗ್ಗೆ ಕುಲಪತಿಗಳ ತಟ್ಟೆಯಲ್ಲಿ ತುಪ್ಪದ ನಡುವೆ ಒಂದು ಕಂಡಿತಂತೆ.

ಕೇರಿಯ ಮಡಕೆಯಲ್ಲಿ ಕೊನೆಯ ಸಂಡಿಗೆ ಬೆಂದದ್ದೂ ಅದೇ ಬೆಳಿಗ್ಗೆ. ನಾಳೆ ಏನು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಸಂಜೆ ಎಂದಿನಂತೆ ಹೋಗಿ ಅಂಗಳದಲ್ಲಿ, ಪಾದ ಹೂತುಹೋಗುವ ಕೊಳೆಯಲ್ಲಿ, ತುಟಿ ಬಿಗಿದು ನಿಂತರು.

ಸೌಟು ಇಳಿಯಲಿಲ್ಲ. ಸೌಟಿನವನೇ ಇಳಿದು ಬಂದ. ಅವನು ನೆಲಕ್ಕೆ ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಹತ್ತಿರದಿಂದ ನೋಡಿದರೆ ಅವನೂ ಕೃಶವಾದ ಮನುಷ್ಯ, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ.

“ಅವ್ವಾ, ಗುಡಿಸ್ರವ್ವಾ,” ಎಂದ. “ನಿಮಗೆ ಏನು ಬೇಕು ಕೇಳ್ಕೊಂಡು ಬಾ ಅಂದಿದಾರೆ.”

ಮೂವತ್ತು ಜನ ಧೂಳು ಒರೆಸುವವಳ ಕಡೆ ನೋಡಿದರು.

“ಕೈಗೆ ಕೊಡ್ಲಿ,” ಎಂದಳು. “ಬಾಯಿಗೆ ಬೇಡ.”

ಅವನು ಕತ್ತೆತ್ತಿ ಕೂಗಿ ಹೇಳಿದ. “ಕೈಗೆ ಬೇಕಂತೆ ಬುದ್ಧೀ!”

ಮೇಲಿನಿಂದ ಕುಲಪತಿಗಳ ನಗು ಕೇಳಿಸಿತು. ಹೊಟ್ಟೆ ಹಗುರಾದವನ ನಗು.

“ಅಷ್ಟೇನಾ?” ಎಂದರು. “ಕೊಡು, ಕೊಡು. ಕೈಗೇ ಕೊಡು.”

ಆ ಮಾತು ಅವಳಿಗೆ ಚುಚ್ಚಿತು. ಆದರೆ ಕೈ ಆಗಲೇ ಒಡ್ಡಿಯಾಗಿತ್ತು. ಸೌಟಿನವನು ಕೊಪ್ಪರಿಗೆ ಇಳಿಸಿಕೊಂಡು ಬಂದು ಒಬ್ಬೊಬ್ಬರ ಬೊಗಸೆಗೂ ಹುಯ್ದ. ಮೂವತ್ತು ಜನ ಅಂಗಳ ಗುಡಿಸುತ್ತೇವೆ ಎಂದು ಒಪ್ಪಿ, ಬೊಗಸೆಯನ್ನು ಎದೆಯ ಮುಂದೆ ಹಿಡಿದುಕೊಂಡು, ಎಡವದಂತೆ ನೆಲ ನೋಡುತ್ತ ಮನೆಗೆ ನಡೆದರು. ಹೊತ್ತು ಮುಳುಗುತ್ತಿತ್ತು.

ಧೂಳು ಒರೆಸುವವಳು ಗಂಡನ ಬಟ್ಟಲಿನ ಮೇಲೆ ಕೈ ಬಾಗಿಸಿ ಹುಯ್ದಳು. ಅವನು ಮೂಸಲು ಬಾಗಿದ, ಮೂಸದೆ ನೋಡಿದ. ಬೂದಿ ಬಣ್ಣದ ನೀರು. ತಳದಲ್ಲಿ ಐದೋ ಆರೋ ಅಗುಳು. ಒಂದು ಜಿರಳೆಯ ಕಾಲು. ಬಟ್ಟಲಿನ ಅಡಿಯಲ್ಲಿದ್ದ ಬಿರುಕು ಅದರೊಳಗಿಂದ ನಿಚ್ಚಳವಾಗಿ ಕಾಣುತ್ತಿತ್ತು.

“ಇದು ಹೀಗೇನಾ ಕೊಟ್ಟಿದ್ದು?” ಎಂದ.

“ಹೀಗೇ.”

ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಇಷ್ಟು ವರ್ಷ,” ಎಂದ, “ನಿನ್ನ ಎಂಜಲು ಬೆರೆತು ತೆಳ್ಳಗಾಗಿದೆ ಅಂದ್ಕೊಂಡಿದ್ದೆ ಕಣೇ. ನಿಂಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ.”

ಅವಳು ತನ್ನ ಒದ್ದೆ ಕೈಗಳನ್ನು ನೋಡಿಕೊಂಡಳು. ತಾನೂ ಹಾಗೇ ಅಂದುಕೊಂಡಿದ್ದಳು. ಮನೆಗೆ ಬರುವ ದಾರಿಯಲ್ಲಿ ನಾಲಗೆಯನ್ನು ಅಲುಗಿಸದೆ, ಉಸಿರನ್ನು ಮೂಗಿನಲ್ಲೇ ಹಿಡಿದು, ಜೊಲ್ಲು ಸೇರದಿರಲಿ ಎಂದು ಎಷ್ಟು ಸಾವಿರ ಸಂಜೆ ನಡೆದಿದ್ದಳೋ. ಅವಳು ಹೊರಗೆ ಓಡಿ ಅಂಗಳದ ತುದಿಯಲ್ಲಿ ಬಾಗಿ ವಾಂತಿ ಮಾಡಿದಳು.

ಮುಖ ಒರೆಸಿಕೊಂಡು ತಲೆ ಎತ್ತಿದಾಗ ಕೇರಿಯ ಉದ್ದಕ್ಕೂ ಹೊಸ್ತಿಲು ಹೊಸ್ತಿಲಲ್ಲಿ ಜನ ನಿಂತಿದ್ದರು. ಯಾರೂ ಉಣ್ಣುತ್ತಿರಲಿಲ್ಲ. ಸಂಜೆಯ ಬೆಳಕಿಗೆ ಬೊಗಸೆಯನ್ನು ವಾಲಿಸಿ ವಾಲಿಸಿ ನೋಡುತ್ತಿದ್ದರು. ಎದುರು ಮನೆಯ ಗಾಜು ತೊಳೆಯುವವಳು ತನ್ನ ಕೈಯಲ್ಲಿದ್ದುದನ್ನು ನೆಲಕ್ಕೆ ಬಿಟ್ಟು, ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಬೀದಿ ದಾಟಿ ಬಂದಳು.

“ಅಕ್ಕಾ, ನಾಳೆ ಅಂಗಳ ಗುಡಿಸೋದು ಬೇಡ.”

“ಮಡಕೇಲಿ ಏನೂ ಇಲ್ಲ ಕಣೇ.”

“ಗೊತ್ತು,” ಎಂದಳು ಅವಳು.